ಎರಡು ವರ್ಷ ಸೇತುವೆ ಮೇಲೆ ನಿಂತು ತಂದದ್ದೇನು?

ಹೋದ ವರ್ಷ ಯುಗಾದಿ ಆಸುಪಾಸಿಗೆ ಒಂದು ಸೆಕೆಂಡ್‌ಹ್ಯಾಂಡ್ ಸ್ಯಾಕ್ಸೋಫೋನ್ ಕೊಂಡೆ. ವಯಸ್ಸು 46. ಯಾಕೆ ಅಂತ ಕೇಳಬೇಡಿ, ಹೆಂಡತಿ ಕೇಳಿದಾಗಲೂ ಸರಿಯಾದ ಉತ್ತರ ಇರಲಿಲ್ಲ. ಸಂಜೆ ಆಫೀಸಿನಿಂದ ಬಂದು, ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಊದುತ್ತಿದ್ದೆ. ಮೂರನೇ ವಾರಕ್ಕೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಂತು. 'ಬಿ ಬ್ಲಾಕಿನಲ್ಲಿ ಯಾರೋ ಎಮ್ಮೆ ಸಾಕಿದ್ದಾರೆ ಅನಿಸುತ್ತೆ, ಸಂಜೆ ಏಳರ ಮೇಲೆ ಕೂಗುತ್ತೆ, ಕಮಿಟಿಯವರು ದಯವಿಟ್ಟು ಗಮನಿಸಿ.' ಕೆಳಗೆ ಸಾಲಾಗಿ ನಗುವ ಮುಖಗಳು. ನಾನೂ ಒಂದು ನಗುವ ಮುಖ ಹಾಕಿದೆ. ಬೇರೆ ಏನು ಮಾಡಲಿ?

ಇದನ್ನು ಗೆಳೆಯನೊಬ್ಬನ ಹತ್ತಿರ ಹೇಳಿಕೊಂಡೆ. ಅವನು ಸಮಾಧಾನಕ್ಕೆ ಒಂದು ಫಾರ್ವರ್ಡ್ ಕಳಿಸಿದ. ಕೀರ್ತಿಯ ತುದಿಯಲ್ಲಿದ್ದ ಜಾಝ್ ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್ ಎಲ್ಲ ಬಿಟ್ಟು ಎರಡು ವರ್ಷ ನ್ಯೂಯಾರ್ಕಿನ ಒಂದು ಸೇತುವೆ ಮೇಲೆ ಅಭ್ಯಾಸ ಮಾಡಿದ, ಆಮೇಲೆ ವಾಪಸ್ ಬಂದು ಜಗತ್ತನ್ನೇ ಗೆದ್ದ ಅಂತ. ಹಿಂದೆ ಸೂರ್ಯೋದಯದ ಚಿತ್ರ. ಈ ಕಥೆ ನನಗೆ ಮೊದಲೇ ಗೊತ್ತಿತ್ತು, ಆ ಸೇತುವೆ ಮೇಲೆ ಒಂದು ಸಲ ಹೋಗಿ ನಿಂತೂ ಬಂದಿದ್ದೇನೆ. ಆದರೆ ಹೀಗೆ ಫಾರ್ವರ್ಡ್ ರೂಪದಲ್ಲಿ ಓದಿದಾಗ ಮೊದಲ ಸಲ ಕಿರಿಕಿರಿಯಾಯಿತು. ಮೊದಲರ್ಧ ಪೂರ್ತಿ ನಿಜ. ಎರಡನೇ ಅರ್ಧ ಹಾಗೆ ನಡೆಯಲೇ ಇಲ್ಲ.

ಓಲಗದ ವಾದ್ಯ

ನಮ್ಮೂರು ಬಂಟ್ವಾಳದ ಕಡೆ. ಅಲ್ಲಿ ಸ್ಯಾಕ್ಸೋಫೋನ್ ಪರದೇಶದ್ದು ಅಂತ ಯಾರಿಗೂ ಅನಿಸುವುದಿಲ್ಲ. ಮದುವೆಗೆ ಅದೇ, ಜಾತ್ರೆಗೆ ಅದೇ, ಭೂತಕೋಲಕ್ಕೂ ಅದೇ. ಕದ್ರಿ ಗೋಪಾಲನಾಥರು ಅಲ್ಲೇ ಸಜೀಪದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಮನಸೋತು, ನಾಗಸ್ವರದ ಮನೆಯಲ್ಲಿ ಹುಟ್ಟಿದವರು ಅದರ ಮೇಲೆ ಕರ್ನಾಟಕ ಸಂಗೀತವನ್ನೇ ನುಡಿಸಿದರು. 1980ರಲ್ಲಿ ಬಾಂಬೆಯ ಜಾಝ್ ಹಬ್ಬದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ವೇದಿಕೆ ಹಂಚಿಕೊಂಡದ್ದನ್ನು ನಮ್ಮ ಕಡೆ ಈಗಲೂ ಹೇಳುತ್ತಾರೆ. ಹಾಗಾಗಿ ಕಾಲೇಜಿನ ದಿನಗಳಲ್ಲಿ ಮೊದಲ ಸಲ ಜಾಝ್ ಕ್ಯಾಸೆಟ್ ಕೇಳಿದಾಗ ನನಗೆ ಅನಿಸಿದ್ದು, ಇದೇನಪ್ಪ, ಇವರು ನಮ್ಮ ಓಲಗದ ವಾದ್ಯ ಹಿಡಿದುಕೊಂಡು ಬೇರೆ ಏನೋ ಮಾಡ್ತಿದ್ದಾರಲ್ಲ ಅಂತ!

ಆ ಕ್ಯಾಸೆಟ್ಟು ರಾಲಿನ್ಸ್‌ದು. 1956ರ ಜೂನ್ 22ರಂದು ರೆಕಾರ್ಡ್ ಆದ 'ಸ್ಯಾಕ್ಸೋಫೋನ್ ಕೊಲೋಸಸ್'. ಮೊದಲ ಹಾಡು 'ಸೇಂಟ್ ಥಾಮಸ್'. ಅವನ ಅಪ್ಪ ಅಮ್ಮ ಕೆರಿಬಿಯನ್ ಕಡೆಯ ವರ್ಜಿನ್ ದ್ವೀಪಗಳವರು. ಅವನು ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅಮ್ಮನ ಊರಿನ ಕುಣಿತದ ಧಾಟಿಯನ್ನು ಹಿಡಿದುಕೊಂಡು ಶುರು ಮಾಡುತ್ತಾನೆ. ಎರಡೇ ಎರಡು ಸ್ವರ. ಅದನ್ನೇ ಮತ್ತೆ ಮತ್ತೆ ಬೇರೆ ಬೇರೆ ಜಾಗದಲ್ಲಿ ಇಟ್ಟು ನೋಡುತ್ತಾನೆ, ಒಂದು ಸಲ ತಾಳಕ್ಕೆ ಮುಂಚೆ, ಒಂದು ಸಲ ತಡವಾಗಿ, ಮಗು ಒಂದೇ ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ ಹಾಗೆ. ಎಷ್ಟೋ ಜನ ಬೇಗ ಬೇಗ ನುಡಿಸುತ್ತಾರೆ. ಇವನು ಯೋಚನೆ ಮಾಡುವುದೇ ಕೇಳಿಸುತ್ತದೆ. ಪಲ್ಲವಿಯ ಒಂದು ಸಾಲನ್ನು ಹಿಡಿದು ಬಗೆಬಗೆಯಾಗಿ ಬೆಳೆಸುತ್ತಾ ನೆರವಲ್ ಮಾಡುವುದನ್ನು ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಹಿಡಿಸಿತು.

ಈ ರೆಕಾರ್ಡ್ ಆದ ನಾಲ್ಕೇ ದಿನಕ್ಕೆ, ಅವನು ನುಡಿಸುತ್ತಿದ್ದ ಬ್ಯಾಂಡಿನ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಕಾರು ಅಪಘಾತದಲ್ಲಿ ಹೋದ. ವಯಸ್ಸು 25. ಜೊತೆಗೆ ಅದೇ ಬ್ಯಾಂಡಿನ ಪಿಯಾನೋ ವಾದಕ ರಿಚಿ ಪೊವೆಲ್ ಕೂಡ. ರಾಲಿನ್ಸ್‌ಗೆ ಬ್ರೌನ್ ಬರೀ ಜೊತೆಗಾರ ಆಗಿರಲಿಲ್ಲ. ಅದಕ್ಕೂ ಮುಂಚೆ ರಾಲಿನ್ಸ್ ಹೆರಾಯಿನ್ ಚಟಕ್ಕೆ ಬಿದ್ದು, ಜೈಲಿಗೆ ಹೋಗಿ, ಕೆಂಟಕಿಯ ಲೆಕ್ಸಿಂಗ್ಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಶಿಕಾಗೋದಲ್ಲಿ ಕಸ ಗುಡಿಸುವ ಕೆಲಸ ಮಾಡಿಕೊಂಡು ಮೇಲೆದ್ದವನು. ಕುಡಿತ, ಡ್ರಗ್ಸ್ ಏನೂ ಇಲ್ಲದೆಯೂ ಇಷ್ಟು ಚೆನ್ನಾಗಿ ನುಡಿಸಬಹುದು ಅಂತ ಅವನ ಕಣ್ಣೆದುರು ತೋರಿಸಿದವನು ಬ್ರೌನ್.

ಗ್ರ್ಯಾಂಡ್ ಸ್ಟ್ರೀಟಿನ ಬಸುರಿ

1956ರಿಂದ 58ರ ಒಳಗೆ ರಾಲಿನ್ಸ್ ಹೆಸರಿನಲ್ಲಿ ಹನ್ನೆರಡಕ್ಕಿಂತ ಜಾಸ್ತಿ ರೆಕಾರ್ಡುಗಳಿಗೆ ಸಂಗೀತ ತಯಾರಾಯಿತು. ಗುಂಥರ್ ಶುಲ್ಲರ್ ಅನ್ನುವ ದೊಡ್ಡ ಸಂಗೀತಗಾರ, ಇವನ ಒಂದೇ ಒಂದು ವಾದನವನ್ನು ಎಳೆ ಎಳೆಯಾಗಿ ಬಿಡಿಸಿ ಲೇಖನ ಬರೆದ. ಹೊಗಳಿಕೆಯೇ. ಆದರೆ ಅದನ್ನು ಓದಿ ರಾಲಿನ್ಸ್‌ಗೆ ಕಸಿವಿಸಿಯಾಯಿತು, ತಾನು ತಿಳಿಯದೆ ಮಾಡಿದ್ದನ್ನು ಇನ್ನು ತಿಳಿದು ಮಾಡಬೇಕಲ್ಲ ಅಂತ. ನಡೆಯುವಾಗ ಯಾವ ಕಾಲು ಮೊದಲು ಇಡುತ್ತೀಯ ಅಂತ ಯಾರೋ ಕೇಳಿದ ಮೇಲೆ ನಡಿಗೆಯೇ ತಪ್ಪುತ್ತದಲ್ಲ, ಹಾಗೆ. ಹೆಸರು ಕೇಳಿ ಜನ ಬರುತ್ತಿದ್ದಾರೆ, ಆ ಹೆಸರಿಗೆ ತಕ್ಕಷ್ಟು ನಾನು ನುಡಿಸುತ್ತಿಲ್ಲ ಅಂತ ಅವನಿಗೆ ಅನಿಸತೊಡಗಿತು. 1959ರ ಬೇಸಿಗೆಯಲ್ಲಿ ಕಛೇರಿಗಳನ್ನೆಲ್ಲ ನಿಲ್ಲಿಸಿಬಿಟ್ಟ. ಆಗ ಅವನಿಗೆ ಇನ್ನೂ 29 ತುಂಬಿರಲಿಲ್ಲ.

ಮನೆ ಮ್ಯಾನ್‌ಹ್ಯಾಟನ್ನಿನ ಕೆಳಭಾಗದ ಗ್ರ್ಯಾಂಡ್ ಸ್ಟ್ರೀಟಿನಲ್ಲಿ. ಸಣ್ಣ ಫ್ಲಾಟು. ಕಟ್ಟಡದಲ್ಲಿ ಒಬ್ಬ ಬಸುರಿ ಇದ್ದಳು. ಟೆನರ್ ಸ್ಯಾಕ್ಸೋಫೋನ್ ಹತ್ತಿರದಿಂದ ಕೇಳಿದವರಿಗೆ ಗೊತ್ತು, ಅದನ್ನು ಮೆಲ್ಲಗೆ ಊದುವುದು ಅಂದರೆ ಮೆಲ್ಲಗೆ ಸೀನುವ ಹಾಗೆ, ಆಗುವುದಿಲ್ಲ. ಬಸುರಿ ಹೆಂಗಸಿಗೆ ತೊಂದರೆ ಆಗಬಾರದು ಅಂತ ಅವನಿಗೆ ಅಳುಕು. ಒಂದು ದಿನ ಡಿಲಾನ್ಸಿ ಸ್ಟ್ರೀಟಿನಲ್ಲಿ ನಡೆದುಕೊಂಡು ಹೋಗುವಾಗ ತಲೆ ಎತ್ತಿದರೆ ವಿಲಿಯಮ್ಸ್‌ಬರ್ಗ್ ಸೇತುವೆಗೆ ಹತ್ತುವ ಮೆಟ್ಟಿಲು. ಸುಮ್ನೆ ಹತ್ತಿ ನೋಡಿದ. ಮೇಲೆ ಯಾರೂ ಇಲ್ಲ. ಆಮೇಲೆ ವಾದ್ಯ ತಂದ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟ ಆಗುವುದು ಈ ಬಸುರಿ. ಫಾರ್ವರ್ಡ್‌ನಲ್ಲಿ ಅವಳು ಇಲ್ಲವೇ ಇಲ್ಲ. ಅಲ್ಲಿ ಸಾಧಕನೊಬ್ಬ ಏಕಾಂತ ಹುಡುಕಿಕೊಂಡು ಹೋದ, ಋಷಿ ಕಾಡಿಗೆ ಹೋದ ಹಾಗೆ. ಮನೆಯಿಂದ ಹೊರಟದ್ದು ಮಾತ್ರ ಪಕ್ಕದವರಿಗೆ ತೊಂದರೆ ಆಗಬಾರದು ಅಂತ. ಅವಳೇನೂ ಗ್ರೂಪಿನಲ್ಲಿ ಎಮ್ಮೆ ಅಂತ ಬರೆದಿರಲಿಲ್ಲ ಬಿಡಿ.

ರೈಲು ಬಂದಾಗ

2018ರಲ್ಲಿ ಆಫೀಸಿನ ಕೆಲಸದ ಮೇಲೆ ನ್ಯೂಜೆರ್ಸಿಗೆ ಹೋಗಿದ್ದೆ. ಸಿಕ್ಕಿದ್ದು ಒಂದು ಭಾನುವಾರ. ಜೊತೆಯವರೆಲ್ಲ ಲಿಬರ್ಟಿ ಪ್ರತಿಮೆ ನೋಡಲು ಹೋದರು, ನಾನು ಡಿಲಾನ್ಸಿ ಸ್ಟ್ರೀಟಿಗೆ ಹೋದೆ. ಸೇತುವೆ ಚೆಂದ ಏನಲ್ಲ. ಸ್ವಲ್ಪ ಆಚೆ ಬ್ರೂಕ್ಲಿನ್ ಸೇತುವೆ ಇದೆ, ಫೋಟೋ ತೆಗೆಯುವವರೆಲ್ಲ ಅಲ್ಲಿ. ಇದು 1903ರ ಕಬ್ಬಿಣದ ರಾಶಿ. ಮಧ್ಯದಲ್ಲಿ ರೈಲು, ಅಕ್ಕಪಕ್ಕ ಕಾರುಗಳು, ಅದಕ್ಕೂ ಮೇಲೆ ನಡೆಯುವವರ ದಾರಿ. ಕಂಬಿಗಳಿಗೆ ಗುಲಾಬಿಗೂ ಕೆಂಪಿಗೂ ನಡುವಿನ ಒಂದು ಬಣ್ಣ, ಅದರ ಮೇಲೆಲ್ಲ ಯಾರ್‍ಯಾರೋ ಬರೆದ ಹೆಸರುಗಳು. ಅರ್ಧ ದಾರಿಗೆ ಹೋಗಿ ಕಂಬಿಗೆ ಒರಗಿ ನಿಂತೆ. ಕೆಳಗೆ ಈಸ್ಟ್ ರಿವರ್, ಒಂದು ದೋಣಿ.

ಆಗ ನನ್ನ ಹತ್ತಿರ ವಾದ್ಯ ಇರಲಿಲ್ಲ, ಊದಲೂ ಬರುತ್ತಿರಲಿಲ್ಲ. ಆಚೆ ಈಚೆ ನೋಡಿ, ಯಾರೂ ಹತ್ತಿರ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಾಯಿಬಿಟ್ಟು ಒಂದು 'ಸ' ಹಿಡಿದೆ. ಎರಡು ಅನುಭವ ಆಯಿತು. ಮೊದಲನೆಯದು, ನನ್ನ ದನಿ ವಾಪಸ್ ಬರಲೇ ಇಲ್ಲ. ಬಾತ್‌ರೂಮಿನಲ್ಲಿ ಹಾಡಿದರೆ ಗೋಡೆಗಳು ನಮ್ಮ ದನಿಗೆ ಸಕ್ಕರೆ ಹಾಕಿ ವಾಪಸ್ ಕೊಡುತ್ತವಲ್ಲ, ಇಲ್ಲಿ ಅದಿಲ್ಲ. ಬಾಯಿಂದ ಹೊರಟದ್ದು ಹೊರಟೇ ಹೋಯಿತು. ತೀರಾ ಬಡಕಲು ಸ್ವರ, ನನ್ನದೇ. ಎರಡನೆಯದು, ಅಷ್ಟರಲ್ಲಿ ರೈಲು ಬಂತು. ಕಾಲ ಕೆಳಗೆಲ್ಲ ನಡುಕ. ನಾನು 'ಸ' ಹಿಡಿದೇ ಇದ್ದೇನೆ, ಗಂಟಲು ನಡುಗುವುದು ಗೊತ್ತಾಗುತ್ತಿದೆ, ಕಿವಿಗೆ ಮಾತ್ರ ಏನೂ ಇಲ್ಲ. ರೈಲು ದಾಟಿದ ಮೇಲೆ ಕೇಳಿದರೆ ಶ್ರುತಿ ಎಲ್ಲಿಗೋ ಜಾರಿತ್ತು. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ, ನಾನು ಕೆಮ್ಮಿದ ಹಾಗೆ ಮಾಡಿ ಪಕ್ಕಕ್ಕೆ ಸರಿದೆ.

ರಾಲಿನ್ಸ್ ಇಲ್ಲಿ ದಿನಕ್ಕೆ 15, 16 ಗಂಟೆ ನುಡಿಸಿದ್ದೂ ಉಂಟಂತೆ. ಬೇಸಿಗೆ, ಚಳಿಗಾಲ, ಹಗಲು, ರಾತ್ರಿ. ಕೆಳಗೆ ಹೋಗುವ ದೋಣಿಗಳು ಹಾರ್ನ್ ಹೊಡೆದರೆ ಆ ಸ್ವರಕ್ಕೆ ಇವನದೊಂದು ಉತ್ತರ. ಉಸಿರು, ತುಟಿಯ ಹಿಡಿತ, ಬೆರಳು ಹೀಗೆ ಒಂದೊಂದನ್ನೇ ಹಿಡಿದು ಕುಳಿತಿದ್ದ. ನೋಟ್‌ಬುಕ್ಕುಗಳಲ್ಲಿ ಬರೆದುಕೊಳ್ಳುತ್ತಿದ್ದ. ಸ್ಟೀವ್ ಲೇಸಿ ಅನ್ನುವ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಆಗಾಗ ಬಂದು ಜೊತೆಗೆ ನುಡಿಸುತ್ತಿದ್ದ. ಅಂದರೆ 'ಒಬ್ಬನೇ' ಅನ್ನುವುದೂ ಪೂರ್ತಿ ಸರಿ ಅಲ್ಲ. 1961ರಲ್ಲಿ ಪತ್ರಕರ್ತನೊಬ್ಬ ಇವನನ್ನು ಅಲ್ಲಿ ಕಂಡು ಜಾಝ್ ಪತ್ರಿಕೆಗೆ ಬರೆದ. ಪುಣ್ಯಾತ್ಮ, ಹೆಸರೂ ಬದಲಿಸಿದ, ಸೇತುವೆಯನ್ನೂ ಬದಲಿಸಿ ಬ್ರೂಕ್ಲಿನ್ ಸೇತುವೆ ಅಂತ ಹಾಕಿದ, ಯಾರೂ ಹೋಗಿ ಕಾಟ ಕೊಡಬಾರದು ಅಂತ. ಈ ಕಾಲದಲ್ಲಾಗಿದ್ದರೆ ಅರ್ಧ ಗಂಟೆಯಲ್ಲಿ ರೀಲು, ಮಾರನೇ ದಿನ ಸೇತುವೆ ಮೇಲೆ ನೂಕುನುಗ್ಗಲು.

ವಾಪಸ್ ಬಂದ ಮೇಲೆ

ಈಗ ನನ್ನ ತಲೆ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. 1961ರ ನವೆಂಬರಿನಲ್ಲಿ ರಾಲಿನ್ಸ್ ಮತ್ತೆ ವೇದಿಕೆ ಹತ್ತಿದ. ಜನ ಕಾದು ಕುಳಿತಿದ್ದರು. ಅವನು ಇಲ್ಲದ ಆ ಎರಡು ವರ್ಷದಲ್ಲಿ ಜಾಝ್ ಬುಡಮೇಲಾಗಿತ್ತು. 1959ರ ನವೆಂಬರಿನಲ್ಲಿ ಆರ್ನೆಟ್ ಕೋಲ್ಮನ್ ಅನ್ನುವ ಸ್ಯಾಕ್ಸೋಫೋನ್ ವಾದಕ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿಗೆ ಬಂದು ಇದ್ದ ಕಟ್ಟುಪಾಡನ್ನೆಲ್ಲ ಕಿತ್ತು ಹಾಕಿದ್ದ, ಜನ ಎರಡು ಪಂಗಡ ಆಗಿ ಜಗಳ ಆಡುತ್ತಿದ್ದರು. ರಾಲಿನ್ಸ್‌ನ ಗೆಳೆಯ, ಅದೇ ವಾದ್ಯದ ಜಾನ್ ಕೋಲ್ಟ್ರೇನ್ ಇನ್ನೊಂದು ದಿಕ್ಕಿಗೆ ಹಾರಿದ್ದ. ಇನ್ನು ಎರಡು ವರ್ಷ ತಪಸ್ಸು ಮಾಡಿ ಬಂದ ಇವನು ಏನು ತರಬಹುದು?

1962ರಲ್ಲಿ ರೆಕಾರ್ಡ್ ಬಂತು. ಹೆಸರು 'ದಿ ಬ್ರಿಡ್ಜ್'. ಪಿಯಾನೋ ಇಲ್ಲ, ಅದರ ಬದಲು ಜಿಮ್ ಹಾಲ್‌ನ ಗಿಟಾರು. ಹಳೆಯ ಹಾಡುಗಳೇ ಜಾಸ್ತಿ. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಆದರೆ ಹೊಸದೇನು ಅಂತ ಬಹಳ ಜನ ಕೇಳಿದರು. ಹೋಗುವಾಗ ಇದ್ದ ರಾಲಿನ್ಸೇ ವಾಪಸ್ ಬಂದಿದ್ದಾನಲ್ಲ, ಇದಕ್ಕೆ ಎರಡು ವರ್ಷ ಬೇಕಿತ್ತಾ? ಫಾರ್ವರ್ಡ್‌ನಲ್ಲಿ 'ಜಗತ್ತನ್ನೇ ಗೆದ್ದ' ಅಂತ ಇರುವ ಜಾಗದಲ್ಲಿ ನಿಜವಾಗಿ ಇದ್ದದ್ದು ಇಷ್ಟು.

ನಾನು ಈ ಎರಡೂ ರೆಕಾರ್ಡುಗಳನ್ನು, 1956ರದ್ದು ಮತ್ತು 1962ರದ್ದು, ಒಂದಾದ ಮೇಲೊಂದು ಹಾಕಿ ಎಷ್ಟೋ ಸಲ ಕೇಳಿದ್ದೇನೆ. ಎರಡು ವರ್ಷ ಎಲ್ಲಿ ಹೋಯಿತು ಅಂತ ಹುಡುಕುತ್ತಾ. ಕೆಲವು ಸಲ, ಆ ನಿಧಾನದ ಹಾಡುಗಳಲ್ಲಿ ಒಂದು ಸ್ವರ ಹಿಡಿದು ಬಿಡುವ ಕಡೆ, ಸಿಕ್ಕಿತು ಅನಿಸುತ್ತದೆ. ಉಸಿರು ಮುಗಿಯುವ ಹೊತ್ತಿಗೆ ಸ್ವರ ತೆಳ್ಳಗಾಗುವುದಿಲ್ಲ, ಅದೇ ದಪ್ಪದಲ್ಲಿ ಹೋಗಿ ನಿಲ್ಲುತ್ತದೆ. ಕೆಲವು ಸಲ ಅದು ಬರೀ ನನ್ನ ಆಸೆ ಅನಿಸುತ್ತದೆ. ಕಥೆ ಗೊತ್ತಿಲ್ಲದವರಿಗೆ ಕೇಳಿಸಿದರೆ ಯಾರೂ ಏನೂ ಹೇಳುವುದಿಲ್ಲ. ಹೆಂಡತಿ ಎರಡನ್ನೂ ಕೇಳಿ, 'ಮೊದಲನೇದು ಖುಷಿಯಾಗಿದೆ, ಎರಡನೇದು ಅಡುಗೆ ಮಾಡುವಾಗ ಹಾಕಬಹುದು' ಅಂದಳು.

ಇಲ್ಲಿ ನನಗೆ ಊರಿನ ಒಬ್ಬರು ನೆನಪಾಗುತ್ತಾರೆ. ನಮ್ಮ ತೋಟದ ಆಚೆ ಬದಿಯ ಮನೆ. ಮದುವೆ, ಜಾತ್ರೆಗೆ ಸ್ಯಾಕ್ಸೋಫೋನ್ ನುಡಿಸುವುದೇ ಜೀವನ. ಮಳೆಗಾಲದ ಆಟಿ ತಿಂಗಳು ಬಂತು ಅಂದರೆ ಮದುವೆ ಇಲ್ಲ, ಜಾತ್ರೆ ಇಲ್ಲ, ಸಂಪಾದನೆಯೂ ಇಲ್ಲ. ಹೊರಗೆ ಧೋ ಅಂತ ಮಳೆ. ಅವರು ಅಡಿಕೆ ಹಾಕುವ ಕೊಟ್ಟಿಗೆಯಲ್ಲಿ ಕೂತು ಊದುತ್ತಿದ್ದರು. ಒಂದೇ ಸಂಗತಿ, ಅಂದರೆ ಹಾಡಿನ ಸಾಲಿನ ಒಂದೇ ತಿರುವು, ಬೆಳಿಗ್ಗೆಯೂ ಅದೇ, ಮಧ್ಯಾಹ್ನವೂ ಅದೇ. ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ವಾದ್ಯ ಕೇಳುತ್ತಿರಲಿಲ್ಲ, ಕಡಿಮೆಯಾದ ಕೂಡಲೇ ಅದೇ ಸಂಗತಿ ಮಧ್ಯದಿಂದ ಕೇಳಿಸುತ್ತಿತ್ತು. ಅವರು ನಿಲ್ಲಿಸಿರುತ್ತಿರಲಿಲ್ಲ. ನಮ್ಮ ಅಜ್ಜಿ ಹಪ್ಪಳ ಸುಡುತ್ತಾ, 'ಇವನಿಗೆ ಇನ್ನೂ ಬಾಯಿಪಾಠ ಆಗ್ಲಿಲ್ವಾ ಮಾರಾಯ' ಅನ್ನುತ್ತಿದ್ದರು. ಮಳೆಗಾಲ ಕಳೆದು ಮೊದಲ ಮದುವೆಯಲ್ಲಿ ಅವರ ವಾದನ ಕೇಳಲು ನಾನು ಹತ್ತಿರ ಹೋಗಿ ನಿಂತಿದ್ದೆ, ಆ ಸಂಗತಿ ಈಗ ಹೇಗೆ ಬರುತ್ತೆ ನೋಡೋಣ ಅಂತ. ಅದು ಬರಲೇ ಇಲ್ಲ. ಮದುವೆಗೆ ಬಂದವರಿಗೆ ಬೇಕಾದ ದೇವರನಾಮ, ಒಂದೆರಡು ಸಿನಿಮಾ ಹಾಡು, ಗಟ್ಟಿಮೇಳ. ಹೋದ ವರ್ಷದ ಹಾಗೇ ಇತ್ತು. ಯಾರೂ ವ್ಯತ್ಯಾಸ ಹೇಳಲಿಲ್ಲ. ಮುಂದಿನ ಆಟಿಯಲ್ಲಿ ಮತ್ತೆ ಕೊಟ್ಟಿಗೆಯಿಂದ ಊದುವುದು ಶುರು.

ಕೇಳುವವರು ಕೂತುಕೊಂಡು, ಇಷ್ಟು ದಿನ ಹಾಕಿದೆಯಲ್ಲ, ಎಷ್ಟು ಬಂತು ತೋರಿಸು ಅಂತ ಕೇಳುವುದು ಬ್ಯಾಂಕಿನವರ ಲೆಕ್ಕ. ನಾವು ರಾಲಿನ್ಸ್‌ನ ಸೇತುವೆಗೂ ಅದೇ ಲೆಕ್ಕ ಹಾಕಿದ್ದೇವೆ. ಬಡ್ಡಿ ಸಿಗಲಿಲ್ಲ ಅಂತ ಗೊತ್ತಾದಾಗ ಕಥೆಯನ್ನೇ ತಿದ್ದಿ, ಜಗತ್ತನ್ನು ಗೆದ್ದ ಅಂತ ಸೇರಿಸಿದ್ದೇವೆ. ಅವನು ಸೇತುವೆಗೆ ಹೋದದ್ದು ಒಂದು ರೆಕಾರ್ಡ್ ಮಾಡಲಿಕ್ಕೆ ಅಂತ ಎಲ್ಲೂ ಹೇಳಿಲ್ಲ. ತಾನು ನುಡಿಸುವುದು ತನಗೆ ಸಾಲುತ್ತಿಲ್ಲ ಅಂತ ಹೋದ. ಸಾಲುವಷ್ಟು ಆಯಿತಾ? ಆಗಲಿಲ್ಲ. 1969ರಲ್ಲಿ ಮತ್ತೆ ಬಿಟ್ಟ, ಇನ್ನೂ ಎರಡು ವರ್ಷ. ಅದೇ ದಶಕದ ಕೊನೆಗೆ ಮುಂಬೈಗೆ ಬಂದು ಪೊವಾಯಿಯ ಚಿನ್ಮಯಾನಂದರ ಆಶ್ರಮದಲ್ಲಿ ಯೋಗ, ವೇದಾಂತ ಅಂತ ತಿಂಗಳುಗಟ್ಟಲೆ ಇದ್ದ. ಅಲ್ಲಿ ಕಣ್ಣು ಮುಚ್ಚಿ ಕೂತರೆ ಧ್ಯಾನ ಹತ್ತುತ್ತಿಲ್ಲ ಅಂತ ಹೇಳಿಕೊಂಡಾಗ, ನೀನು ವಾದ್ಯ ನುಡಿಸುವುದೇ ನಿನ್ನ ಧ್ಯಾನ ಅಂತ ಸ್ವಾಮೀಜಿ ಅಂದರಂತೆ. ಈ ಮಾತನ್ನು ಅವನು ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾನೆ. ತನ್ನ ಹಳೆಯ ರೆಕಾರ್ಡುಗಳನ್ನು ಕೇಳುವುದು ಅವನಿಗೆ ಹಿಂಸೆ, ತಪ್ಪುಗಳೇ ಕಾಣುತ್ತವೆ ಅನ್ನುತ್ತಿದ್ದ. ಲೋಕ ಎಲ್ಲ ತಲೆ ಮೇಲೆ ಹೊತ್ತುಕೊಂಡ 1956ರದ್ದೂ ಸೇರಿ.

ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. 1981ರಲ್ಲಿ ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ತಂಡದ ಆಲ್ಬಮ್ಮಿನ ಮೂರು ಹಾಡಿಗೆ ರಾಲಿನ್ಸ್ ನುಡಿಸಿದ, ಹೆಸರು ಹಾಕಿಸಿಕೊಳ್ಳಲಿಲ್ಲ. ಆಮೇಲೊಂದು ದಿನ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ತೆಗೆದುಕೊಳ್ಳುವಾಗ ಮೇಲಿನ ಸ್ಪೀಕರಿನಲ್ಲಿ ಒಂದು ಹಾಡು. ಯಾರಪ್ಪ ಇವನು, ಚೆನ್ನಾಗಿ ನುಡಿಸ್ತಾನಲ್ಲ ಅಂತ ಕಿವಿಗೊಟ್ಟ. ಒಂದು ಕ್ಷಣ ಬಿಟ್ಟು ಹೊಳೆಯಿತು, ಅದು ತಾನೇ. ತನ್ನದು ಅಂತ ಗೊತ್ತಿಲ್ಲದಾಗ ಮಾತ್ರ ಹಿಡಿಸಿತು ನೋಡಿ! ಆ ಮೂರು ಹಾಡಿನಲ್ಲಿ ಒಂದರ ಹೆಸರು 'ನೈಬರ್ಸ್', ಅಕ್ಕಪಕ್ಕದ ಮನೆಯವರು.

ಮಲಗಿಕೊಂಡೇ

ಸಮಾಧಾನ ಇಲ್ಲದವನು ಅಂದರೆ ಮುಖ ಗಂಟು ಹಾಕಿಕೊಂಡವನು ಅಂತ ಅಂದುಕೊಳ್ಳಬೇಡಿ. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಹತ್ತಿರ ಒಂದು ಹಳೆ ಕಲ್ಲುಕ್ವಾರಿಯಲ್ಲಿ ಬಯಲು ಕಛೇರಿ ನಡೆಯಿತು. ಅದನ್ನು ಚಿತ್ರೀಕರಿಸಿದ್ದಾರೆ, ನೋಡಬಹುದು. ಒಂಟಿಯಾಗಿ ನುಡಿಸುತ್ತಾ ನುಡಿಸುತ್ತಾ ಕಲ್ಲಿನ ಕಟ್ಟೆಯ ಅಂಚಿಗೆ ಬರುತ್ತಾನೆ. ಇದ್ದಕ್ಕಿದ್ದ ಹಾಗೆ ಕೆಳಗೆ ಹಾರುತ್ತಾನೆ. ಸುಮಾರು ಆಳು ಎತ್ತರ. ಬಿದ್ದವನು ಏಳುವುದಿಲ್ಲ. ಹಿಮ್ಮಡಿ ಮುರಿದಿದೆ. ಜನರಿಗೆ ಗಾಬರಿ, ಜೊತೆಯ ವಾದಕರಿಗೆ ಏನು ಮಾಡಬೇಕು ಗೊತ್ತಿಲ್ಲ. ಅಷ್ಟರಲ್ಲಿ ನೆಲದಿಂದ ಸ್ಯಾಕ್ಸೋಫೋನ್ ಕೇಳಿಸುತ್ತದೆ. ಅಂಗಾತ ಮಲಗಿಕೊಂಡು, ಕಾಲು ಮೇಲೆ ಕಾಲು ಹಾಕಿಕೊಂಡು, ಆಕಾಶಕ್ಕೆ ಮುಖ ಮಾಡಿ ಮುಂದಿನ ಹಾಡು ಶುರು ಮಾಡಿದ್ದಾನೆ.

2001ರ ಸೆಪ್ಟೆಂಬರ್ 11ರಂದು ಅವನು ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರಿನಿಂದ ಆರು ಬ್ಲಾಕ್ ಆಚೆ, 39ನೇ ಮಹಡಿಯಲ್ಲಿ. ಮನೆ ಖಾಲಿ ಮಾಡಿಸಿದಾಗ 71 ವರ್ಷದ ಮುದುಕ ಸ್ಯಾಕ್ಸೋಫೋನ್ ಹಿಡಿದುಕೊಂಡು ಅಷ್ಟೂ ಮೆಟ್ಟಿಲು ಇಳಿದ. ನಾಲ್ಕನೇ ದಿನಕ್ಕೆ ಬಾಸ್ಟನ್ನಿನಲ್ಲಿ ಕಛೇರಿ ಇತ್ತು. ಬೇಡ ಅಂದನಂತೆ, ಹೆಂಡತಿ ಲೂಸಿಲ್ ಬಿಡಲಿಲ್ಲ. ಆ ಕಛೇರಿಯ ರೆಕಾರ್ಡಿನಲ್ಲಿದ್ದ ಅವನ ಒಂದು ವಾದನಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಲೂಸಿಲ್ ಇರಲಿಲ್ಲ, 2004ರಲ್ಲಿ ತೀರಿಕೊಂಡಿದ್ದಳು.

ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ಪಲ್ಮನರಿ ಫೈಬ್ರೋಸಿಸ್. 2012ರ ನಂತರ ವೇದಿಕೆ ಇಲ್ಲ, 2014ರ ಹೊತ್ತಿಗೆ ಮನೆಯಲ್ಲಿ ಊದುವುದೂ ನಿಂತಿತು. ನೋಟ್‌ಬುಕ್ಕುಗಳು, ಪತ್ರಗಳು ಎಲ್ಲ ಈಗ ಹಾರ್ಲೆಮ್‌ನ ಶೊಂಬರ್ಗ್ ಸೆಂಟರ್ ಅನ್ನುವ ಗ್ರಂಥಾಲಯದಲ್ಲಿವೆ, ಅವನು ಹುಟ್ಟಿ ಬೆಳೆದ ಪೇಟೆಯಲ್ಲೇ. ಆ ಸೇತುವೆಗೆ ಅವನ ಹೆಸರು ಇಡಿ ಅಂತ ಅಭಿಮಾನಿಗಳ ಒಂದು ಒತ್ತಾಯವೂ ನಡೆದಿತ್ತು. ಇಟ್ಟರೆ ಇಡಲಿ. ರೈಲು ಹೋಗುವಾಗ ಯಾರಿಗೂ ಏನೂ ಕೇಳಿಸುವುದಿಲ್ಲ.

ನನ್ನ ವಿಷಯ. ನಮ್ಮ ಬ್ಲಾಕಿನ ಎದುರಿಗೆ ಸೇತುವೆ ಇಲ್ಲ, ಇರುವ ಫ್ಲೈಓವರಿನ ಮೇಲೆ ನಿಂತರೆ ಪೊಲೀಸರು ಬರುತ್ತಾರೆ. ಕೊನೆಗೆ ಬೇಸ್‌ಮೆಂಟಿನಲ್ಲಿ ನನ್ನ ಕಾರಿನೊಳಗೆ ಕೂತು, ಗಾಜು ಏರಿಸಿ, ಸೀಟು ಪೂರ್ತಿ ಹಿಂದೆ ತಳ್ಳಿ ಊದುತ್ತಿದ್ದೇನೆ. ಹತ್ತು ನಿಮಿಷಕ್ಕೆ ಗಾಜೆಲ್ಲ ಮಂಜಾಗುತ್ತದೆ. ಪಕ್ಕದಲ್ಲಿ ನೀರಿನ ಪಂಪು ಶುರುವಾದರೆ ನನಗೇ ನನ್ನದು ಕೇಳಿಸುವುದಿಲ್ಲ. ಎಂಟು ತಿಂಗಳಾಯಿತು. ಆರೋಹಣ ಸುಮಾರಾಗಿ ಬರುತ್ತೆ, ಅವರೋಹಣದಲ್ಲಿ ಒಂದು ಕಡೆ ಈಗಲೂ ಎಮ್ಮೆಯೇ.

ಮೊನ್ನೆ ಲಿಫ್ಟಿನಲ್ಲಿ ಆ ಮೆಸೇಜು ಹಾಕಿದ್ದ ಅಂಕಲ್ ಸಿಕ್ಕಿದರು. ನನ್ನ ಕೈಯಲ್ಲಿ ಪೆಟ್ಟಿಗೆ ಇತ್ತು, ಅಡಗಿಸಲು ಆಗಲಿಲ್ಲ. ಅದನ್ನು ನೋಡಿದರು, ನನ್ನನ್ನು ನೋಡಿದರು.

'ಓ, ನೀವಾ ಸಾರ್! ಈಗ ಕೇಳಿಸ್ತಾನೇ ಇಲ್ವಲ್ಲ, ಬಿಟ್ಬಿಟ್ರಾ?'

'ಇಲ್ಲ ಅಂಕಲ್, ಜಾಗ ಬದಲಿಸಿದೆ.'

'ಒಳ್ಳೇದಾಯ್ತು ಬಿಡಿ' ಅಂದರು. ಮೂರನೇ ಮಹಡಿ ಬಂತು, ಇಳಿದು ಹೋದರು.